ಕೌದಿಯ ಹೊಟ್ಟೆಗೆ ಹಾಕಿದ ರೊಟ್ಟಿ

“ಏನೂ ಆಗಲಿಲ್ಲ” ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಕ್ಕನ ಅತ್ತೆ ವಿಕ್ರೋಳಿಯ ತಮ್ಮ ಚಾಳಿನಲ್ಲಿ ಇದನ್ನೇ ಇನ್ನಷ್ಟು ಚೆಂದ ಮಾಡಿ ಹೇಳುತ್ತಾರಂತೆ: ಮುದುಕಿಯ ಕೈಗುಣ ಅಂಥದ್ದು, ಆಕೆ ಹೊಲಿದ ಕೌದಿಯೊಳಗೆ ವಿಷ ಹೊಕ್ಕಿತ್ತು, ಆದರೂ ಕೂಸಿನ ಕೂದಲು ಕೊಂಕಲಿಲ್ಲ. ಕೇಳಿದವರು ಆ ಕೌದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರಂತೆ.

ನಾನು ಒಪ್ಪುವುದಿಲ್ಲ. ಕಾಲೇಜಿನ ಡಿಬೇಟ್ ಟೀಮಿನಲ್ಲಿ ನಾನು ಕಲಿತದ್ದು ಬಹಳವೇನಿಲ್ಲ, ಆದರೆ ಇದೊಂದನ್ನು ಕಲಿತೆ: ಒಂದು ಮಾತಿಗೆ ಇಡೀ ಕೋಣೆ ತಲೆದೂಗಿದರೆ, ಆ ಮಾತಿನಿಂದ ಯಾರಿಗೆ ಅನುಕೂಲ ಎಂದು ಮೊದಲು ಕೇಳಬೇಕು. “ಏನೂ ಆಗಲಿಲ್ಲ” ಎಂಬ ಮಾತಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಅನುಕೂಲವಿದೆ, ನನಗೂ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ನಾವಿರುವುದು ಮನೋರಿಯಲ್ಲಿ. ಮುಂಬೈ ಎಂದರೆ ಮುಂಬೈ, ಅಲ್ಲ ಎಂದರೆ ಅಲ್ಲ. ಮಲಾಡ್ ಸ್ಟೇಷನ್ನಿನಿಂದ ಬಸ್ಸು ಹಿಡಿದು ಮಾರ್ವೆಗೆ ಬಂದು, ಅಲ್ಲಿಂದ ಖಾಡಿಯ ಹಿನ್ನೀರು ದಾಟಿಸುವ ಫೆರಿ ಹತ್ತಿದರೆ ಈಚೆ ದಡದಲ್ಲಿ ನಮ್ಮ ಮನೆ. ನಮ್ಮ ಮನೆ ಅನ್ನುವುದು ಬಾಯಿಮಾತು. ಅದು ಫೋರ್ಟಿನಲ್ಲಿ ಆಫೀಸಿರುವ ಒಬ್ಬ ಸೇಟ್‌ನ ಬಂಗಲೆ. ಅವರು ಅದನ್ನು ಕಂಟ್ರಿ ಹೋಮ್ ಎನ್ನುತ್ತಾರೆ ಮತ್ತು ಚಳಿ ಬಿದ್ದಾಗ ಮಾತ್ರ ಬರುತ್ತಾರೆ. ಅಪ್ಪ ಅದರ ತೋಟದ ಮಾಳಿಯೂ ಹೌದು, ವಾಚ್‌ಮನ್ನೂ ಹೌದು. ಬಾಗಲಕೋಟೆಯ ಕಡೆಯಿಂದ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಬಂದವನು, ಕಟ್ಟುವುದು ಬಿಟ್ಟು ಕಾಯುವುದಕ್ಕೆ ಸೇರಿಕೊಂಡ. ಬಂಗಲೆಯ ಹಿಂದೆ ಚಿಕ್ಕೂ ಮರಗಳನ್ನು ದಾಟಿದರೆ ಕಂಪೌಂಡ್ ಗೋಡೆಗೆ ಒತ್ತಿಕೊಂಡು ಎರಡು ಖೋಲಿ, ಮುಂದೊಂದು ಪಡಸಾಲೆ. ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು ಅಲ್ಲಿ ಇದ್ದೇವೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ.

ಬಂಗಲೆಯ ಮುಂದಿನ ಹುಲ್ಲು, ಬೋಗನ್‌ವಿಲ್ಲಾ, ಸುಗಂಧರಾಜದ ಸಾಲು ಸೇಟ್‌ನದು. ಹಿಂದಿನ ಮಡಿಗಳು ಅವ್ವನವು. ಪುಂಡಿಪಲ್ಯ, ಹಕ್ಕರಕಿ, ಮೂಲಂಗಿ. ಕಡಲಿನ ಮರಳನ್ನು ತಂದು ಹರವಿ ಅದರ ಮೇಲೆ ಮೆಂತ್ಯ ಚೆಲ್ಲುವುದನ್ನು ಅವ್ವ ಇಲ್ಲಿನ ಹೆಂಗಸರಿಂದ ಕಲಿತಿದ್ದಾಳೆ. ಬೆರಳುದ್ದ ಬೆಳೆದ ಕೂಡಲೆ ಬೇರಿನ ಸಮೇತ ಕಿತ್ತು, ಸಣ್ಣ ಸಣ್ಣ ಕಟ್ಟು ಕಟ್ಟಿ ಮಲಾಡ್ ಮಾರ್ಕೆಟ್ಟಿಗೆ ಒಯ್ಯುತ್ತಾಳೆ. ಬಂಗಲೆಗೆ ಬರುವ ಅತಿಥಿಗಳು ಇದನ್ನೆಲ್ಲ ನೋಡಿ, ಎಷ್ಟು ಶಾಂತಿ ಇದೆ ಇಲ್ಲಿ ಎನ್ನುತ್ತಾರೆ. ಕತ್ತಲಾದ ಮೇಲೆ ಗೋಡೆಯ ಬುಡದಲ್ಲಿ ಮಣ್ಣು ಕೆದರುವ ಸದ್ದನ್ನು ಅವರು ಕೇಳಿಲ್ಲ.

ಅದು ಹೆಗ್ಗಣದ ಸದ್ದು. ಇಲ್ಲಿ ಅದನ್ನು ಘೂಸ್ ಎನ್ನುತ್ತಾರೆ. ಬೆಕ್ಕೇ ಹೆದರಿ ದಾರಿ ಬಿಡುವಷ್ಟು ದೊಡ್ಡವು. ಮೊದಲು ಅವು ಮೂಲಂಗಿ ತಿಂದವು, ಆಮೇಲೆ ಸೇಟ್‌ನ ಹುಲ್ಲಿನ ಕೆಳಗೆ ಬಿಲ ತೋಡಿದವು. ಆಗ ಅಪ್ಪನಿಗೆ ಬೇಸರವಾಯಿತು, ಹೆದರಿಕೆಯಲ್ಲ. ಹೆದರಿಕೆ ಶುರುವಾದದ್ದು ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದ ಮೇಲೆ. ಫೆರಿಯವನೊಬ್ಬ ಅವ್ವನಿಗೆ ಹೇಳಿದನಂತೆ, ಅವರ ಓಣಿಯಲ್ಲಿ ಮಲಗಿದ್ದ ಮಗುವಿನ ಕಾಲ್ಬೆರಳನ್ನು ಘೂಸ್ ಕಡಿದಿತ್ತು ಎಂದು. ಖರೆಯೋ ಸುಳ್ಳೋ, ಯಾರು ನೋಡಿದ್ದು, ಯಾವಾಗ ಎಂದು ನಾನು ಕೇಳಿದೆ. ಅವ್ವ ನನ್ನ ಮುಖವನ್ನೇ ನೋಡಿ, ಅಕ್ಕನ ಮಗನ ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿದಳು. ಆ ಸೆಕೆಯಲ್ಲಿ. ನಾನು ವಾದದಲ್ಲಿ ಗೆದ್ದೆ, ಆದರೆ ಮಲಗುವ ಮುನ್ನ ಬಾಗಿಲಿನ ಸಂದಿಗೆ ಗೋಣಿಚೀಲ ತುರುಕುವುದನ್ನು ನಾನೂ ತಪ್ಪಿಸುತ್ತಿರಲಿಲ್ಲ.

ಆ ಬೇಸಿಗೆ ಪೂರ್ತಿ ಆಯಿ ಕೂಸಿಗಾಗಿ ಕೌದಿ ಹೊಲಿಯುತ್ತಿದ್ದಳು. ಕೌದಿ ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಹಳೆಯ ಸೀರೆ ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಒಳಗೊಳಗೆ ಸುತ್ತುತ್ತ ಹೋಗುವ ಹೊಲಿಗೆ. ಸೇಟ್‌ನ ಹೆಂಡತಿ ಆಯಿಯ ಒಂದು ಕೌದಿಯನ್ನು ಒಯ್ದು ಬಂಗಲೆಯ ಹಾಲಿನ ಗೋಡೆಗೆ ತೂಗುಹಾಕಿದ್ದಾಳೆ. ಅದನ್ನು ನೋಡಿ ಬಂದ ದಿನ ಆಯಿ ಕೇಳಿದ್ದಳು, ಗೋಡೆಗೆ ಚಳಿ ಆಗುತ್ತದೇನು ಎಂದು.

ಹೊಲಿಯುವಾಗ ಆಯಿಗೊಂದು ಆಟವಿತ್ತು. ಒಂದು ತುಂಡನ್ನೆತ್ತಿ ನನ್ನ ಮುಂದೆ ಹಿಡಿದು, ಈ ಬಣ್ಣಕ್ಕೆ ಕನ್ನಡದಾಗ ಏನಂತಾರ ಹೇಳು, ಎನ್ನುತ್ತಿದ್ದಳು. ನನಗೆ ಕನ್ನಡ ತಿಳಿಯುತ್ತದೆ, ಓದಿ ಬರೆಯಲೂ ಕಲಿತಿದ್ದೇನೆ, ಬಾಯಿಗೆ ಮಾತ್ರ ಹಿಂದಿಯೇ ಮೊದಲು ಬರುತ್ತದೆ. ನಾನು ತಡವರಿಸಿ, ಊದಾ, ಗುಲಾಬಿ, ಎಂದು ಹೇಳಿದರೆ ಆಯಿ ಶಾಣ್ಯಾಕಿ ಅಂದು ಆ ತುಂಡನ್ನು ತನಗೆ ಬೇಕಾದ ಕಡೆ ಇಡುತ್ತಿದ್ದಳು. ಮೊಮ್ಮಗಳ ಕನ್ನಡ ಹೋಗದಿರಲಿ ಎಂದು ಮಾಡುತ್ತಾಳೆ ಅಂದುಕೊಂಡಿದ್ದೆವು. ಅಪ್ಪನಂತೂ ಹೆಮ್ಮೆಪಡುತ್ತಿದ್ದ.

ಕೌದಿ ಮುಗಿಯುವಾಗ ಕೊನೆಯ ಮೂಲೆಯಲ್ಲಿ ಒಂದು ಬಾಯಿ ಬಿಟ್ಟಿರುತ್ತಾರೆ. ಅದರೊಳಗೆ ರೊಟ್ಟಿಯ ಒಂದು ತುಣುಕನ್ನಿಟ್ಟು ಬಾಯಿ ಹೊಲಿಯಬೇಕು. ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿಯನ್ನು ಹೊದ್ದವರಿಗೆ ಹಸಿವು ತಪ್ಪುವುದಿಲ್ಲವಂತೆ. ಆಯಿ ಇದಕ್ಕೆ ತನ್ನದೂ ಎರಡು ನೇಮ ಸೇರಿಸಿಕೊಂಡಿದ್ದಳು. ಹೊಟ್ಟೆ ಯಾವ ಮೂಲೆಯಲ್ಲಿದೆ ಎಂದು ಯಾರೂ ಕೇಳಬಾರದು. ಮತ್ತೆ, ರೊಟ್ಟಿಯನ್ನು ಮೊದಲು ತಾನೊಂದು ತುತ್ತು ಕಡಿದು, ಉಳಿದದ್ದನ್ನು ಒಳಗಿಡಬೇಕು. ಸಣ್ಣವಳಿದ್ದಾಗ ನಾನು ಇದಕ್ಕೆ ತಕರಾರು ತೆಗೆದಿದ್ದೆ: ಎಂಜಲಾಗುವುದಿಲ್ಲವೇ, ಬಟ್ಟೆಗೆ ಹೊಟ್ಟೆ ಎಲ್ಲಿಂದ ಬಂತು, ಇರುವೆ ಬಂದರೆ? ಆಯಿ ಇರುವೆಗೆ ಉತ್ತರ ಕೊಡಲಿಲ್ಲ. ಎಂಜಲಿಗೆ ಕೊಟ್ಟಳು.

“ತಾ ತಿಂದು ನೋಡದ್ದನ್ನ ಕೂಸಿಗೆ ಹ್ಯಾಂಗ ತಿನ್ನಸೂದು, ತಂಗಿ?”

ಈ ಮಾತನ್ನು ನೆನಪಿಟ್ಟುಕೊಂಡಿರಿ. ನಾನು ಮರೆತಿದ್ದೆ.

ಮಳೆ ಹಿಡಿಯುವ ಮುನ್ನ ಅಕ್ಕ ವಿಕ್ರೋಳಿಗೆ ಮರಳಬೇಕೆಂದು ಗೊತ್ತಾಯಿತು. ಕೂಸು ಅಂಬೆಗಾಲಿಡುತ್ತಿತ್ತು, ಕೈಗೆ ಸಿಕ್ಕದ್ದೆಲ್ಲ ಅದರ ಬಾಯಿಗೆ. ಅವರು ಹೊರಡುವ ಹಿಂದಿನ ವಾರ ಒಂದು ಬೆಳಿಗ್ಗೆ ಅವ್ವ ಎದ್ದು ನೋಡಿದರೆ ಒಳಗಿನ ಖೋಲಿಯ ಮೂಲೆಯಲ್ಲೇ ಹೊಸ ಮಣ್ಣಿನ ಗುಡ್ಡೆ. ಹೆಗ್ಗಣ ಮನೆಯೊಳಗೇ ಬಂದಿತ್ತು, ಕೂಸು ಮಲಗುವ ಚಾಪೆಯ ಪಕ್ಕಕ್ಕೆ.

ಅಪ್ಪ ಆ ದಿನವೇ ಮಲಾಡ್‌ಗೆ ಹೋಗಿ ವಿಷ ತಂದ. ಅಂಗಡಿಯ ವಿಷದ ಬಿಲ್ಲೆಗಳನ್ನು ನಮ್ಮ ಹೆಗ್ಗಣಗಳು ಹಿಂದೆಯೂ ಮೂಸಿ ಬಿಟ್ಟಿದ್ದವು. ಅವಕ್ಕೆ ನಮ್ಮ ಮನೆಯ ಜೋಳದ ರೊಟ್ಟಿಯ ರುಚಿ ಹತ್ತಿತ್ತು. ಹಾಗಾಗಿ ಅಪ್ಪ ಬಿಲ್ಲೆಗಳನ್ನು ಪುಡಿಮಾಡಿ ಜೋಳದ ಹಿಟ್ಟಿಗೆ ಕಲಸಿ, ತಾನೇ ಒಂದು ದಪ್ಪ ರೊಟ್ಟಿ ಬಡಿದ. ಅವ್ವ ಹಂಚು ಮುಟ್ಟಗೊಡಲಿಲ್ಲ. ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಹೊರಗಿನ ಒಲೆಯಲ್ಲಿ ಸುಟ್ಟ. ಅದಕ್ಕೊಂದು ಮಾಸಲು ಹಸಿರು ಬಣ್ಣ ಬಂದಿತ್ತು, ಹಳೆಯ ಪಾಚಿಯ ಹಾಗೆ. ತುಣುಕು ತುಣುಕು ಮುರಿದ. ಬಿಲಗಳಿಗೆ ಹಾಕುವ ಮುನ್ನ ತೋಟಕ್ಕೆ ಹರಿಯುತ್ತಿದ್ದ ನೀರಿನ ಪಂಪು ಬಂದ್ ಮಾಡಬೇಕಿತ್ತು. ಕೂಸು ನೆಲದ ಮೇಲೆ ಹರಿದಾಡುತ್ತಿತ್ತು, ಆದ್ದರಿಂದ ಮುಚ್ಚಳವನ್ನು ಕೂಸಿಗೆ ಎಟುಕದ ಕಡೆ, ಪಡಸಾಲೆಯ ಗೋಡೆಗಿದ್ದ ಹಲಗೆಯ ಮೇಲೆ ಇಟ್ಟು ಹೋದ.

ಆ ಹಲಗೆ ಆಯಿಯದು. ದಿನಾ ಬೆಳಿಗ್ಗೆ ಉಳಿದ ರೊಟ್ಟಿಯ ತುಣುಕನ್ನು ಆಯಿ ಅಲ್ಲಿಡುತ್ತಿದ್ದಳು, ಮಧ್ಯಾಹ್ನ ಎಲೆ ಅಡಿಕೆಗೆ ಮುಂಚೆ ತಿನ್ನಲು. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಅಪ್ಪನಿಗೆ ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಅವನ ಕಣ್ಣೆಲ್ಲ ನೆಲದ ಮೇಲಿದ್ದ ಕೂಸಿನ ಮೇಲಿತ್ತು.

ಆಮೇಲಿನ ದಿನಗಳಲ್ಲಿ ಹೆಗ್ಗಣಗಳು ಸತ್ತವು, ವಾಸನೆ ಬಂತು, ಅಪ್ಪ ಹುಡುಕಿ ಹೂತ. ಎಲ್ಲರೂ ನಿರಾಳರಾದರು. ಹೊರಡುವ ದಿನ ಅವ್ವ ಕೌದಿಯನ್ನು ಮಡಿಸಿ ಅರಿಶಿನ ಕುಂಕುಮ ಹಚ್ಚಿ ಅಕ್ಕನ ಉಡಿಯಲ್ಲಿಟ್ಟಳು. ಹೊಸ ಕೌದಿಯನ್ನು ಗಂಡನ ಮನೆಯಲ್ಲೇ ಬಿಚ್ಚಿ ಹಾಸಬೇಕು, ಅಲ್ಲಿಯವರೆಗೆ ಮಡಿಕೆ ಬಿಚ್ಚಬಾರದು. ಭಾವ ಬಂದಿದ್ದ. ಮೊದಲ ಫೆರಿಗೇ ಅವರನ್ನು ಹತ್ತಿಸಿ ನಾವು ಹಿಂದಿರುಗಿದೆವು.

ಮನೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಅವ್ವ ಕಾಲುಚೀಲಗಳನ್ನು ಎಣಿಸುತ್ತ ಕೂತಳು. ಅಪ್ಪ ಪೈಪು ಹಿಡಿದು ಮೆಂತ್ಯದ ಮಡಿಗೆ ನೀರು ಬಿಡುತ್ತಿದ್ದ. ನಗಿಸೋಣವೆಂದು ನಾನು ಆಯಿಯನ್ನು ಕೆಣಕಿದೆ. ಕೌದಿಗೆ ಈ ಸಲ ಏನು ತಿನ್ನಿಸಿದಿ ಆಯಿ, ವಿಕ್ರೋಳಿಗೆ ಹೋಗುವ ಕೌದಿ, ವಡಾಪಾವ್ ಇಟ್ಟಿಯೇನು, ಎಂದೆ.

ಆಯಿ ಎಲೆಗೆ ಸುಣ್ಣ ಸವರುತ್ತಿದ್ದಳು. “ರೊಟ್ಟಿನ ಇಟ್ಟೀನವಾ. ನಿಮ್ಮಪ್ಪ ಹಲಗಿ ಮ್ಯಾಲ ಮುರದಿಟ್ಟಿದ್ನಲ್ಲ, ಅದರಾಗಿಂದ ಒಂದ್ ತುಣುಕು.”

ಪೈಪಿನ ನೀರು ಒಂದೇ ಕಡೆ ಬೀಳತೊಡಗಿತು. ಮೆಂತ್ಯದ ಸಸಿಗಳು ಮರಳಿನ ಸಮೇತ ತೇಲಿ ಹೋಗುತ್ತಿದ್ದವು. ಅಪ್ಪ ನೋಡುತ್ತಿರಲಿಲ್ಲ.

ಯಾವ ರೊಟ್ಟಿ, ಎಂದು ಕೇಳಿದ. ಯಾವ ದಿನ, ಎಂದು ಕೇಳಿದ. ಆಮೇಲೆ ಯಾರೂ ಕೇಳದೆ ಇದ್ದರೂ ಹೇಳಿದ: ಪಂಪು ಬಂದ್ ಮಾಡಿ ಬಂದಾಗ ಮುಚ್ಚಳದಲ್ಲಿ ತುಣುಕುಗಳ ನಡುವೆ ಜಾಗ ಖಾಲಿ ಇತ್ತು. ಮುರಿದ ತುಣುಕುಗಳನ್ನು ಜೋಡಿಸಿ ನೋಡಿದ್ದನಂತೆ. ರೊಟ್ಟಿಯ ದುಂಡು ಪೂರ್ತಿಯಾಗಲಿಲ್ಲ. “ಕಾಗಿ ಒಯ್ದೈತಿ ಅಂದ್ಕೊಂಡೆ,” ಎಂದ. ಕಾಗೆ ಸತ್ತು ಬಿದ್ದಿದೆಯೇ ಎಂದು ಚಿಕ್ಕೂ ಮರಗಳ ಕೆಳಗೆಲ್ಲ ಹುಡುಕಿದ್ದ. ಸಿಕ್ಕಿರಲಿಲ್ಲ. ಸಿಗದಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಭಾವನ ಫೋನ್ ಬಂದ್ ಇತ್ತು. ಅಕ್ಕನನ್ನು ಮನೆಗೆ ಬಿಟ್ಟು ನೇರ ಶಿಫ್ಟಿಗೆ ಹೋಗುತ್ತೇನೆಂದು ಹೇಳಿದ್ದ, ಅಲ್ಲಿ ಫೋನನ್ನು ಲಾಕರಿನಲ್ಲಿಡಬೇಕು. ನಾನು ಆಯಿಯ ಮುಂದೆ ಕೂತೆ. ಯಾವ ಮೂಲೆ ಎಂದು ಕೇಳಿದೆ. ಕೇಳಬಾರದ ಪ್ರಶ್ನೆ. ಮೂಲಿಗೊಂದು ಹೆಸರ ಇರ್ತೈತೇನವಾ, ಎಂದಳು ಆಯಿ. ಹೆಸರು ಬೇಡ, ಬಣ್ಣ ಹೇಳು, ಆ ಮೂಲೆಯ ತುಂಡು ಯಾವ ಬಣ್ಣದ್ದು, ಎಂದೆ. ಅವಳ ಕೈ ತೊಡೆಯ ಮೇಲೆ ಯಾವುದೋ ಹೊಲಿಗೆಯನ್ನು ಹುಡುಕುವಂತೆ ಆಡುತ್ತಿತ್ತು. ಬಣ್ಣ ಹೇಳಲಾಗದ್ದು ಯಾಕೆ ಎಂದು ಯೋಚಿಸಲು ನನಗೆ ಆಗ ವ್ಯವಧಾನವಿರಲಿಲ್ಲ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಫೆರಿಯ ಜೆಟ್ಟಿಗೆ ಓಡಿದೆ.

ಫೆರಿಗೆ ಯಾರ ಅವಸರವೂ ತಾಗುವುದಿಲ್ಲ. ಮೀನಿನ ಬುಟ್ಟಿಯವರು ಹತ್ತಬೇಕು, ಸ್ಕೂಟರ್ ಹತ್ತಿಸಬೇಕು. ಖಾಡಿಯ ಮಧ್ಯೆ ನಾನು ಲೆಕ್ಕ ಹಾಕುತ್ತಿದ್ದೆ. ಕೌದಿ ಆರು ಪದರದ್ದು, ಆಯಿಯ ಹೊಲಿಗೆ ಒತ್ತಾದದ್ದು, ಮಗುವಿಗಿರುವುದು ಎರಡೇ ಹಲ್ಲು. ಇದು ಒಂದು ಪಕ್ಷ. ಎದುರು ಪಕ್ಷ: ಜೋಳದ ರೊಟ್ಟಿ ಒಣಗಿದರೆ ಪುಡಿಯಾಗುತ್ತದೆ, ಪುಡಿ ಹಳೆಯ ಸೀರೆಯ ನೂಲಿನಿಂದ ಸೋರುತ್ತದೆ, ಮಗು ಒಂದು ಮೂಲೆಯನ್ನು ಹಿಡಿದರೆ ತೊಯ್ದು ಮುದ್ದೆಯಾಗುವವರೆಗೆ ಬಿಡುವುದಿಲ್ಲ. ಸ್ಪರ್ಧೆಗಳಲ್ಲಿ ನನಗೆ ಯಾವ ಪಕ್ಷ ಕೊಟ್ಟರೂ ನಡೆಯುತ್ತಿತ್ತು. ಅವತ್ತು ಎರಡೂ ಪಕ್ಷದಲ್ಲಿ ನಾನೇ ಮಾತಾಡಿದೆ, ಎರಡನೆಯದೇ ಗೆಲ್ಲುತ್ತ ಬಂತು.

ಮಲಾಡ್‌ನಲ್ಲಿ ಲೋಕಲ್ ಸಿಕ್ಕಿತು. ಲೇಡೀಸ್ ಡಬ್ಬಿಯ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದೆ. ಅಂಧೇರಿ ದಾಟಿದ ಮೇಲೆ ಅಕ್ಕನ ಫೋನ್ ಬಂತು. ಕೂಸು ಎದ್ದೀತೆಂದು ಫೋನನ್ನು ಸೈಲೆಂಟ್ ಮಾಡಿದ್ದಳಂತೆ. ಇಷ್ಟೊಂದು ಮಿಸ್ಡ್ ಕಾಲ್ ಯಾಕೆ, ಅಪ್ಪನಿಗೇನಾದರೂ ಆಯ್ತೇನು, ಎಂದು ನಗುತ್ತಲೇ ಕೇಳಿದಳು.

“ದೀದಿ, ಕೌದಿ ತೆಗಿ,” ಎಂದೆ. “ಅಭೀ, ಈಗಲೇ. ಅವನ ಹತ್ರಿಂದ ತೆಗಿ.”

ಯಾಕೆ ಎಂದಳು. ಸುತ್ತ ಅಷ್ಟು ಹೆಂಗಸರು, ಒಬ್ಬಳ ಮೊಣಕೈ ನನ್ನ ಗಂಟಲ ಹತ್ತಿರ. ಹೇಳಿದೆ. ರೊಟ್ಟಿ, ಹಲಗೆ, ಘೂಸ್‌ನ ವಿಷ. ಹೆದರಿದರೆ ಅಕ್ಕ ಕೂಗುವವಳಲ್ಲ, ಅವಳ ದನಿ ತಣ್ಣಗಾಗುತ್ತದೆ.

“ಮೂಲಿ ಬಾಯಾಗ ಇಟ್ಕೊಂಡ ಮಲಗ್ಯಾನ,” ಎಂದಳು. ಆಮೇಲೆ, “ಯಾವ ಮೂಲ್ಯಾಗ ಇಟ್ಟಾಳ?”

ಗೊತ್ತಿಲ್ಲ ಎಂದೆ. ಇಡೀ ಜೀವನದಲ್ಲಿ ಯಾವ ಪ್ರಶ್ನೆಗೂ ನಾನು ಅಷ್ಟು ಸಣ್ಣ ಉತ್ತರ ಕೊಟ್ಟದ್ದಿಲ್ಲ. ಕೂಸನ್ನೆತ್ತಿಕೊಂಡು ನಿಮ್ಮ ಓಣಿಯ ದವಾಖಾನೆಗೆ ಹೋಗು, ಕೌದಿಯನ್ನೂ ತಗೊಂಡು ಹೋಗು, ನಾನು ಬರುತ್ತಿದ್ದೇನೆ ಎಂದೆ. ದಾದರ್‌ನಲ್ಲಿ ಇಳಿದು ಸೇತುವೆ ದಾಟಿ ಸೆಂಟ್ರಲ್ ಲೈನಿನ ಗಾಡಿ ಹಿಡಿದೆ. ವಿಕ್ರೋಳಿಯವರೆಗೂ ಫೋನ್ ಕೈಯಲ್ಲೇ ಇತ್ತು. ಅದು ಮತ್ತೆ ಮೊಳಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡುತ್ತಿದ್ದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ದವಾಖಾನೆ ಒಂದು ಅಂಗಡಿಯಷ್ಟು ಸಣ್ಣದು. ಕೂಸು ಟೇಬಲ್ಲಿನ ಮೇಲೆ ಕೂತು ಡಾಕ್ಟರ ಕೊರಳಿನ ರಬ್ಬರು ನಳಿಕೆಯನ್ನು ಎಳೆಯುತ್ತಿತ್ತು. ಕೌದಿ ಬೆಂಚಿನ ಮೇಲೆ, ಅದರ ಒಂದು ಮೂಲೆ ತೊಯ್ದು ಕಪ್ಪಾಗಿತ್ತು. ಡಾಕ್ಟರ್ ಹಿಂದಿಯಲ್ಲಿ ಹೇಳಿದರು: ಮೊದಲು ಒಳಗಿನದು ಹಾಗೇ ಇದೆಯೋ ಇಲ್ಲವೋ ನೋಡಿ. ಕತ್ತರಿ ಕೊಟ್ಟರು. ತೊಯ್ದ ಮೂಲೆಯನ್ನು ಅಕ್ಕನೇ ಬಿಚ್ಚಿದಳು. ಆಯಿಯ ಹೊಲಿಗೆ ಸುಲಭಕ್ಕೆ ಬಿಡುವುದಿಲ್ಲ, ಕತ್ತರಿಯ ತುದಿ ಬಟ್ಟೆಯನ್ನೇ ಹರಿಯಿತು. ಒಳಗೆ ಅವ್ವನ ಮದುವೆಯ ಸೀರೆಯ ಪದರ. ಅದರ ಕೆಳಗೆ ಮತ್ತೊಂದು ಪದರ. ಬೇರೇನಿಲ್ಲ.

ರೊಟ್ಟಿ ಸಿಕ್ಕಿದ್ದು ಅದರ ಎದುರಿನ ಮೂಲೆಯಲ್ಲಿ, ಒಣಗಿ ಕಲ್ಲಾಗಿ. ಮಾಸಲು ಹಸಿರು. ಒಂದು ಪುಡಿಯೂ ಉದುರಿರಲಿಲ್ಲ, ಇರುವೆಯೂ ಹತ್ತಿರ ಬಂದಿರಲಿಲ್ಲ.

ಅಕ್ಕ ಕೂಸನ್ನೆತ್ತಿಕೊಂಡು ಬೆಂಚಿನ ಮೇಲೆ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಡಾಕ್ಟರೂ ನಿರಾಳರಾದರು. ಸಮಾಧಾನಕ್ಕೆ ರಕ್ತ ಪರೀಕ್ಷೆ ಮಾಡಿಸೋಣ, ಆದರೆ ಹೆದರಬೇಡಿ, ಇದನ್ನು ಬಾಯಿಗೆ ಹಾಕಿಕೊಂಡಿದ್ದರೆ ಮಗು ಕಿರುಚಿಬಿಡುತ್ತಿತ್ತು, ಎಂದರು. “ಇಸ್ಮೆ ಕಡ್ವಾ ಮಿಲಾಯಾ ಹೋತಾ ಹೈ. ಆದ್ಮಿ ಥೂಕ್ ದೇತಾ ಹೈ.” ಮನುಷ್ಯರು ತಿನ್ನಬಾರದೆಂದೇ ಬೆರೆಸುವ ಕಹಿ, ಬಾಯಿಗಿಟ್ಟವರು ಉಗುಳಿಬಿಡುತ್ತಾರೆ. ಹೆಗ್ಗಣಕ್ಕೆ ಅದು ತಿಳಿಯುವುದಿಲ್ಲವಂತೆ. ಇನ್ನೊಂದು ಮಾತನ್ನೂ ಹೇಳಿದರು: ಈ ವಿಷ ರಕ್ತವನ್ನು ನೀರು ಮಾಡುತ್ತದೆ, ತಿಂದ ದಿನ ಏನೂ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಕಾಣುತ್ತದೆ.

ರೊಟ್ಟಿಯ ತುಣುಕು ನನ್ನ ಕೈಯಲ್ಲಿತ್ತು. ವಾದ ಮಾಡುವವರಿಗೆ ಒಂದು ಕೆಟ್ಟ ಚಟ, ಸಿಕ್ಕ ಸಾಕ್ಷಿಯನ್ನು ತಿರುಗಿಸಿ ತಿರುಗಿಸಿ ನೋಡುವುದು. ಎರಡು ಅಂಚು ಅಪ್ಪನ ಕೈ ಮುರಿದದ್ದು, ಒರಟಾಗಿ. ಮೂರನೆಯದು ಮುರಿದದ್ದಲ್ಲ. ಅಲ್ಲಿ ಹಲ್ಲಿನ ಗುರುತಿತ್ತು, ಎರಡು, ನಡುವೆ ಅಗಲವಾದ ಸಂದು.

ನಮ್ಮ ಮನೆಯಲ್ಲಿ ಮುಂದಿನ ಹಲ್ಲುಗಳ ನಡುವೆ ಅಂಥ ಸಂದು ಇರುವುದು ಒಬ್ಬಳಿಗೇ.

ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಕೂಸು ಆರಾಮಿದೆ ಎಂದ ಕೂಡಲೆ ಅವ್ವ ಅಳತೊಡಗಿದಳು, ಅವಳನ್ನು ನಿಲ್ಲಿಸಿ ಆಯಿ ಎಲ್ಲಿ ಎಂದು ಕೇಳಬೇಕಾಯಿತು. ಮಲಗಿದ್ದಾಳೆ ಎಂದಳು. ಆಯಿ ಹಗಲು ಮಲಗುವವಳಲ್ಲ. ಎಬ್ಬಿಸು ಎಂದೆ. ಎರಡು ದಿನದಿಂದ ಸುಸ್ತು ಸುಸ್ತು ಅನ್ನುತ್ತಾಳೆ, ಸೆಕೆಗೆ ಇರಬೇಕು, ಎಂದಳು ಅವ್ವ. ಆಯಿಯ ತೋಳಿನ ಮೇಲೆ ನೀಲಿಗಟ್ಟಿತ್ತಂತೆ. ಬೋಗನ್‌ವಿಲ್ಲಾದ ಮುಳ್ಳು ತರಚಿರಬೇಕೆಂದು ಅವ್ವ ಎಣ್ಣೆ ಹಚ್ಚಿದ್ದಳು. ಬಾಯಿಂದ ರಕ್ತ ಬರುತ್ತಿದೆಯೇ ನೋಡು, ಎಂದೆ.

“ಯಾವ್ದು ರಕ್ತ, ಯಾವ್ದು ಎಲಿ ಅಡಿಕಿ, ಹ್ಯಾಂಗ ಹೇಳಲಿ?” ಎಂದಳು ಅವ್ವ. ಆಮೇಲೆ ಅವಳ ದನಿ ಬದಲಾಯಿತು. ಅವತ್ತು ಬೆಳಿಗ್ಗೆಯಿಂದ ಆಯಿ ಎಲೆ ಹಾಕಿಕೊಂಡಿರಲಿಲ್ಲ. ಸುಣ್ಣ ಸವರಿಕೊಂಡ ಆ ಎಲೆ ಹಾಗೇ ಒಣಗಿ ತಟ್ಟೆಯಲ್ಲಿ ಬಿದ್ದಿತ್ತು. ದಿಂಬು ಮಾತ್ರ ಕೆಂಪಾಗಿತ್ತು.

ಅಪ್ಪ ಅವಳನ್ನು ಹೊತ್ತುಕೊಂಡು ಜೆಟ್ಟಿಗೆ ಬಂದ. ನಾನು ವಿಕ್ರೋಳಿಯಿಂದ ವಾಪಸು ಓಡಿದೆ, ಬಂದ ದಾರಿಯನ್ನೇ ತಿರುಗಿಸಿ. ಈ ಸಲ ತಲೆಯಲ್ಲಿ ಯಾವ ಪಕ್ಷವೂ ಮಾತಾಡಲಿಲ್ಲ. ಬೆಳಗಿನಿಂದ ಇಡೀ ಮನೆ ಕೂಸಿನ ಹಿಂದೆ ಓಡಿತ್ತು, ತಿಂದವಳು ನಮ್ಮ ಕಣ್ಣ ಮುಂದೆಯೇ ಕೂತಿದ್ದಳು. ನಾನು ಅವಳ ಎದುರು ಮೊಣಕಾಲೂರಿ ಯಾವ ಮೂಲೆ, ಯಾವ ಬಣ್ಣ ಎಂದು ಪಾಟೀಸವಾಲು ಮಾಡಿದ್ದೆ. ತುಣುಕಿನ ಬಗ್ಗೆ ಎಲ್ಲವನ್ನೂ ಕೇಳಿದೆ. ಅವಳನ್ನು ಮಾತ್ರ ಏನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ನಿಲ್ಲುತ್ತಿರಲಿಲ್ಲ. ಅವ್ವ ಅರಳೆ ಒತ್ತಿ ಹಿಡಿದು ಕೂತಿರುತ್ತಿದ್ದಳು, ತೆಗೆದರೆ ಮತ್ತೆ ಜಿನುಗುತ್ತಿತ್ತು. ಅಪ್ಪ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದ. ಯಾರೂ ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಒಂದು ಸಂಜೆ ಅರಳೆ ತೆಗೆದಾಗ ಜಿನುಗಲಿಲ್ಲ. ಆಯಿ ಉಳಿದಳು.

ಅಲ್ಲಿಯೇ ಒಬ್ಬ ಡಾಕ್ಟರ್ ಆಯಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇವರು ಹೊಲಿಗೆ ಮಾಡುತ್ತಿದ್ದರು ಎನ್ನುತ್ತೀರಲ್ಲ, ಹೇಗೆ, ಎಂದು ಕೇಳಿದರು. ಎರಡೂ ಕಣ್ಣಿನಲ್ಲಿ ಪೊರೆ ಬೆಳೆದು ಯಾವ ಕಾಲವಾಗಿತ್ತೋ. ಬೆಳಕು ನೆರಳು ತಿಳಿಯುತ್ತದೆ, ಬಣ್ಣ ತಿಳಿಯುವುದು ಕಷ್ಟ, ಎಂದರು. ಹೊಲಿಗೆಯನ್ನು ಅವಳು ಬೆರಳಿನಿಂದ ಅಳೆದು ಹಾಕುತ್ತಿದ್ದಳು. ಬಣ್ಣಕ್ಕೆ ಮಾತ್ರ ಬೆರಳು ಸಾಲದು. ಅದಕ್ಕೆ ನಾನಿದ್ದೆ. ಕನ್ನಡದಾಗ ಏನಂತಾರ ಹೇಳು.

ಈಗ ಮಳೆ ಹಿಡಿದಿದೆ. ಕಣ್ಣಿನ ಆಪರೇಷನ್ ದೀಪಾವಳಿಯ ನಂತರ ಎಂದಿದ್ದಾರೆ. ಅಲ್ಲಿಯವರೆಗೆ ಅವ್ವ ಸೂಜಿಯ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದಾಳೆ. ಗೋಡೆಯ ಆ ಹಲಗೆಯನ್ನು ಅಪ್ಪ ಕಿತ್ತು ಹಾಕಿದ್ದಾನೆ. ಬಿಲಗಳಿಗೆ ಕಲ್ಲು ಸಿಮೆಂಟು ತುಂಬಿದ್ದಾನೆ. ಆದರೂ ಗೋಡೆಯ ಆಚೆ ಮಣ್ಣು ಕೆದರುವ ಸದ್ದು ಬರುತ್ತದೆ. ಬಂದವರಿಗೆಲ್ಲ ಅವ್ವ ಅದೇ ಹೇಳುತ್ತಾಳೆ: ದೇವರು ದೊಡ್ಡವ, ಏನೂ ಆಗಲಿಲ್ಲ. ಆಯಿ ತಲೆಯಾಡಿಸುತ್ತಾಳೆ. ಅವಳ ಕೈಗಳು ಸೆರಗಿನ ಅಂಚನ್ನು ಮಡಿಸುತ್ತವೆ, ಬಿಚ್ಚುತ್ತವೆ, ಮತ್ತೆ ಮಡಿಸುತ್ತವೆ.

ನನ್ನನ್ನು ನಿದ್ದೆಗೆಡಿಸಿರುವುದು ಕಣ್ಣಲ್ಲ, ಬಾಯಿ. ಹಸಿರು ಅವಳಿಗೆ ಕಾಣಲಿಲ್ಲ, ಒಪ್ಪಿದೆ. ಆದರೆ ಕಹಿ ಕಣ್ಣಿಗೆ ಕಾಣಬೇಕಾದದ್ದಲ್ಲ. ಎಲೆ ಸುಣ್ಣ ತಿಂದು ತಿಂದು ನಾಲಗೆ ಸತ್ತಿತ್ತು ಎನ್ನುತ್ತಾನೆ ಅಪ್ಪ. ಇರಬಹುದು. ಆದರೆ ಅವ್ವನ ಪಲ್ಯಕ್ಕೆ ಚಿಟಿಕೆ ಉಪ್ಪು ಹೆಚ್ಚಾದರೂ ಈ ನಾಲಗೆಯೇ ತಟ್ಟೆ ಸರಿಸುತ್ತಿತ್ತು. ಹಾಗಾದರೆ ಅವಳು ಕಡಿದಳು, ಏನೋ ಸರಿಯಿಲ್ಲವೆಂದು ತಿಳಿಯಿತು, ನುಂಗಿದಳು, ಉಳಿದದ್ದನ್ನು ಒಳಗಿಟ್ಟು ಹೊಲಿದಳು. ಇದೇನು ರೊಟ್ಟಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ, ಎತ್ತಿಕೊಂಡದ್ದು ಏನೆಂದು ತನಗೆ ಕಾಣಲಿಲ್ಲ ಎಂದು ಒಪ್ಪಬೇಕಾಗುತ್ತಿತ್ತು. ಒಪ್ಪಿದರೆ ಸೂಜಿಯ ಡಬ್ಬಿ ಅಟ್ಟ ಸೇರುತ್ತಿತ್ತು, ಈಗ ಸೇರಿದ ಹಾಗೆ. ಹೀಗೆ ಯೋಚಿಸಲು ನನಗೇ ಹೆದರಿಕೆ. ನನ್ನ ಊಹೆ ತಪ್ಪಿರಬೇಕು. ತಪ್ಪೆಂದು ಯಾರಾದರೂ ಸಾಧಿಸಿ ತೋರಿಸಲಿ ಎಂದು ಕಾಯುತ್ತಿದ್ದೇನೆ, ಯಾರೂ ಎದುರು ವಾದಿಸುತ್ತಿಲ್ಲ.

ನಿನ್ನೆ ಮಧ್ಯಾಹ್ನ ಅವ್ವ ಮಾರ್ಕೆಟ್ಟಿಗೆ ಹೋಗಿದ್ದಳು, ಅಪ್ಪ ಬಂಗಲೆಯ ಮಾಡಿನ ಎಲೆ ಗುಡಿಸುತ್ತಿದ್ದ. ಪಡಸಾಲೆಯಲ್ಲಿ ಆಯಿ ಮತ್ತು ನಾನು, ಹೊರಗೆ ಮಳೆ. ಬಿಚ್ಚಿದ ಮೂಲೆಗಳ ಆ ಕೌದಿಯನ್ನು ಅಕ್ಕ ದುರಸ್ತಿಗೆಂದು ಕಳಿಸಿದ್ದಳು, ಅದು ಆಯಿಯ ತೊಡೆಯ ಮೇಲಿತ್ತು. ಕತ್ತರಿ ಹರಿದ ಜಾಗವನ್ನು ಅವಳ ಬೆರಳು ಮತ್ತೆ ಮತ್ತೆ ಸವರುತ್ತಿತ್ತು. ನಾನು ಹತ್ತಿರ ಕೂತೆ. ಕನ್ನಡದಲ್ಲೇ ಕೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

“ಆಯಿ, ತಾ ತಿಂದು ನೋಡದ್ದನ್ನ ಕೂಸಿಗೆ ತಿನ್ನಸಬಾರ್ದು ಅಂತಿದ್ದಿ. ನೀ ತಿಂದು ನೋಡಿದಿ. ಅದು ಕಹಿ ಇರಲಿಲ್ಲೇನು?”